ಸತ್ತು ಹುಟ್ಟಿದ ಮಗು: ಕಾನೂನು ವಾರ ಎಣಿಸುವ ಬಗೆ

ಹೆರಿಗೆ ಕೋಣೆಯ ಕೇಸ್ ಶೀಟಿನಲ್ಲಿ ಕೆಲವೊಮ್ಮೆ ಮೂರೇ ಅಕ್ಷರ ಬರೆದಿರುತ್ತಾರೆ: ಎಫ್‌ಎಸ್‌ಬಿ, ಇಲ್ಲವೇ ಎಂಎಸ್‌ಬಿ. ಸ್ಟಿಲ್‌ಬರ್ತ್ ಎಂದರೆ ಮಗು ಸತ್ತು ಹುಟ್ಟುವುದು. ಮೊದಲನೆಯದು ಫ್ರೆಶ್ ಸ್ಟಿಲ್‌ಬರ್ತ್. ಮಗುವಿನ ಚರ್ಮ ಹಾಗೇ ಇದೆ, ಜೀವ ಹೋದದ್ದು ಹೆರಿಗೆಯ ಹೊತ್ತಿನಲ್ಲಿ ಅಥವಾ ಅದಕ್ಕೆ ತುಸು ಮೊದಲು ಎಂದು ಅರ್ಥ. ಎರಡನೆಯದು ಮೆಸರೇಟೆಡ್ ಸ್ಟಿಲ್‌ಬರ್ತ್. ಚರ್ಮ ಸುಲಿಯತೊಡಗಿದೆ, ಮಗು ಹೊಟ್ಟೆಯಲ್ಲೇ ತೀರಿಕೊಂಡು ಸಾಕಷ್ಟು ಗಂಟೆಗಳೋ ದಿನಗಳೋ ಕಳೆದಿವೆ ಎಂದು ಅರ್ಥ. ಮನೆಯವರಿಗೆ ಇದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಮನೆಯವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ಮಗುವನ್ನು ನಮ್ಮ ಕೈಗೆ ಕೊಡುತ್ತಾರಾ? ಮಣ್ಣು ಮಾಡೋಕೆ ಯಾರ ಚೀಟಿ ಬೇಕು? ಎಲ್ಲಾದರೂ ಬರೆಸಬೇಕಾ? ಮಗುವೇ ಇಲ್ಲ ಅಂದಮೇಲೆ ತಾಯಿಗೆ ಹೆರಿಗೆ ರಜೆ ಕೊಡುತ್ತಾರಾ? ಈ ಪ್ರಶ್ನೆಗಳಿಗೆ ಒಂದೇ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ನೋಂದಣಿಗೆ ಒಂದು ಕಾನೂನು, ರಜೆಗೆ ಇನ್ನೊಂದು, ದೇಹಕ್ಕೆ ಮತ್ತೊಂದು. ಪ್ರತಿಯೊಂದೂ ಬಸಿರಿನ ವಾರಗಳನ್ನು ತನ್ನದೇ ಲೆಕ್ಕದಲ್ಲಿ ನೋಡುತ್ತದೆ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ವಾರದ ಸಂಖ್ಯೆ ಸರಿಯಿದ್ದರೆ ಮುಂದಿನ ಅರ್ಧ ಓಡಾಟ ತಪ್ಪುತ್ತದೆ.

ಹೆಸರುಗಳು: ಯಾವುದಕ್ಕೆ ಏನು

ಸರ್ಕಾರಿ ಕಾಗದಗಳಲ್ಲಿ ಇದರ ಹೆಸರು ‘ನಿರ್ಜೀವ ಜನನ’. ಜನನ ಮರಣ ನೋಂದಣಿ ಕಾಯ್ದೆ, 1969 ಮತ್ತು ಅದರ ನಿಯಮಗಳ ಪ್ರಕಾರ, ಕನಿಷ್ಠ 28 ವಾರ ತುಂಬಿದ ಮೇಲೆ ಜೀವದ ಯಾವ ಲಕ್ಷಣವೂ ಇಲ್ಲದೆ ಹೊರಬಂದ ಮಗುವಿನದು ನಿರ್ಜೀವ ಜನನ. ತೂಕ ಎಷ್ಟೇ ಕಡಿಮೆ ಇರಲಿ, ನಿಯಮ ನೋಡುವುದು ವಾರವನ್ನು ಮಾತ್ರ.

ಹೊರಬಂದ ಮೇಲೆ ಮಗು ಒಂದೇ ಒಂದು ಸಲ ಉಸಿರೆಳೆದಿದ್ದರೂ, ಜೀವದ ಬೇರೆ ಯಾವುದೇ ಕುರುಹು ತೋರಿದ್ದರೂ ಅದು ಸಜೀವ ಜನನ. ಆಮೇಲೆ ಎರಡು ನಿಮಿಷಕ್ಕೆ ತೀರಿಕೊಂಡರೆ ಒಂದು ಜನನ, ಒಂದು ಮರಣ ಎಂದು ಎರಡು ನೋಂದಣಿ ಆಗಬೇಕು, ಎರಡು ಪ್ರಮಾಣಪತ್ರ ಬರಬೇಕು. ಇಲ್ಲಿ ವಾರದ ಮಿತಿ ಇಲ್ಲ. 24 ವಾರದ ಮಗು ಉಸಿರಾಡಿ ತೀರಿಕೊಂಡರೂ ಅದು ಸಜೀವ ಜನನವೇ. ಅವಳಿಯಲ್ಲಿ ಒಂದು ಬದುಕಿ ಒಂದು ಹೋಗಿದ್ದರೆ ಎರಡಕ್ಕೂ ಬೇರೆ ಬೇರೆ ನಮೂನೆ ತುಂಬುತ್ತಾರೆ.

ಅಬಾರ್ಷನ್ ಎಂಬ ಪದ ಕಂಡು ಅನೇಕರು ಬೆಚ್ಚುತ್ತಾರೆ. ವೈದ್ಯರ ಭಾಷೆಯಲ್ಲಿ ತಾನಾಗಿ ಬಸಿರು ಇಳಿದುಹೋದರೂ ಅದೇ ಪದ. ಯಾರೋ ತೆಗೆಸಿದರು ಎಂಬ ಆರೋಪ ಅದರಲ್ಲಿ ಇಲ್ಲ.

26 ಮತ್ತು 28: ನಡುವಿನ ಎರಡು ವಾರ

ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಜನವರಿ 1ಕ್ಕೆ ಮುಟ್ಟಾಗಿದ್ದರೆ 26 ವಾರ ತುಂಬುವುದು ಜುಲೈ 2ಕ್ಕೆ, 28 ವಾರ ತುಂಬುವುದು ಜುಲೈ 16ಕ್ಕೆ. ಮುಟ್ಟಿನ ದಿನ ನೆನಪಿಲ್ಲದಿದ್ದರೆ, ಅಥವಾ ಮುಟ್ಟು ಏರುಪೇರಾಗುತ್ತಿದ್ದರೆ ಮೊದಲ ಮೂರು ತಿಂಗಳ ಸ್ಕ್ಯಾನ್ ಹೇಳುವ ವಾರವೇ ಹೆಚ್ಚು ನಂಬಿಕೆಯದು. ತಾಯಿ ಕಾರ್ಡಿನಲ್ಲಿ ಒಂದು ದಿನಾಂಕ, ಸ್ಕ್ಯಾನಿನಲ್ಲಿ ಇನ್ನೊಂದು ಇದ್ದರೆ ಯಾವುದನ್ನು ಹಿಡಿದು ವಾರ ಬರೆದಿದ್ದೀರಿ ಎಂದು ವೈದ್ಯರನ್ನು ಕೇಳಿ. ಇದು ಬರೀ ಲೆಕ್ಕದ ತಕರಾರಲ್ಲ.

ಏಕೆಂದರೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 26ನೇ ವಾರದವರೆಗೆ ಆದದ್ದು ‘ಗರ್ಭಪಾತ’, ಅದಕ್ಕೆ 6 ವಾರ ರಜೆ. ಅದನ್ನು ದಾಟಿದ್ದು ‘ಹೆರಿಗೆ’, ಅದಕ್ಕೆ 26 ವಾರದವರೆಗೆ ರಜೆ. ನೋಂದಣಿ ಕಾನೂನು ಶುರುವಾಗುವುದು 28ರಿಂದ. ಹಾಗಾಗಿ 27 ವಾರ 2 ದಿನಕ್ಕೆ ಮಗುವನ್ನು ಕಳೆದುಕೊಂಡ ತಾಯಿಗೆ ನಿರ್ಜೀವ ಜನನದ ನೋಂದಣಿ ಇಲ್ಲ, ಪೂರ್ತಿ ಹೆರಿಗೆ ರಜೆ ಮಾತ್ರ ಇದೆ. ‘ನೋಂದಣಿಯೇ ಆಗಿಲ್ಲ, ಹಾಗಾದರೆ ಇದು ಗರ್ಭಪಾತ’ ಎಂದು ಕಂಪನಿಯವರು ಹೇಳಿದರೆ ಅವರು ಎರಡು ಕಾನೂನನ್ನು ಕಲಸಿದ್ದಾರೆ ಎಂದೇ ಅರ್ಥ.

ಬರೆಸುವುದು ಯಾರ ಹೊಣೆ

ಆಸ್ಪತ್ರೆಯಲ್ಲಿ ಆದರೆ ಹೊಣೆ ಆಸ್ಪತ್ರೆಯದು. ಉಸ್ತುವಾರಿ ವೈದ್ಯಾಧಿಕಾರಿ ಅಥವಾ ಅವರು ನೇಮಿಸಿದವರು ವರದಿ ಮಾಡಬೇಕು. ಮನೆಯಲ್ಲಿ ಆದರೆ ಮನೆಯ ಯಜಮಾನ ಅಥವಾ ಹಿರಿಯರು ತಿಳಿಸಬೇಕು. ಗಡುವು 21 ದಿನ. ಹಳ್ಳಿಯಲ್ಲಿ ಇದನ್ನು ನೋಡಿಕೊಳ್ಳುವವರು ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಇಲ್ಲವೇ ಹಿಂದೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದ ಗ್ರಾಮ ಆಡಳಿತಾಧಿಕಾರಿ, ಪಟ್ಟಣದಲ್ಲಿ ಪುರಸಭೆ ಅಥವಾ ಪಾಲಿಕೆಯ ಆರೋಗ್ಯ ಶಾಖೆ. ಕರ್ನಾಟಕದಲ್ಲಿ ಮಾಹಿತಿ ಹೋಗುವುದು ಇ-ಜನ್ಮ ತಂತ್ರಾಂಶಕ್ಕೆ.

ಜನನಕ್ಕೆ ನಮೂನೆ 1, ಮರಣಕ್ಕೆ ನಮೂನೆ 2 ಇದ್ದಂತೆ ನಿರ್ಜೀವ ಜನನಕ್ಕೆ ನಮೂನೆ 3. ಅದರಲ್ಲಿ ಹುಟ್ಟಿದ ದಿನಾಂಕ, ಲಿಂಗ, ತಂದೆ ತಾಯಿಯ ಹೆಸರು, ಸ್ಥಳ, ಬಸಿರು ಎಷ್ಟು ವಾರದ್ದು, ಕಾರಣ ತಿಳಿದಿದ್ದರೆ ಅದು, ಹೆರಿಗೆ ಮಾಡಿಸಿದ್ದು ಯಾರು ಎಂಬ ವಿವರಗಳಿರುತ್ತವೆ. ಇವೆಲ್ಲ ಪ್ರತ್ಯೇಕ ರಿಜಿಸ್ಟರಿಗೆ ಏರುತ್ತವೆ. ಕಾನೂನಿನ ಕಣ್ಣಲ್ಲಿ ಮರಣ ಎಂದರೆ ಜೀವಂತ ಹುಟ್ಟಿದ ಮೇಲೆ ಆಗುವಂಥದ್ದು. ಹಾಗಾಗಿ ಸತ್ತು ಹುಟ್ಟಿದ ಮಗುವಿಗೆ ಮರಣ ಪ್ರಮಾಣಪತ್ರ ಬರುವುದಿಲ್ಲ. ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಡಿ. ನಿಮ್ಮ ಕೈಯಲ್ಲಿ ಇರಬೇಕಾದದ್ದು ಆಸ್ಪತ್ರೆ ಕಳಿಸಿದ ನಮೂನೆ 3ರ ನಕಲು ಮತ್ತು ಡಿಸ್ಚಾರ್ಜ್ ಸಮ್ಮರಿ.

ಲಿಂಗದ ಬಗ್ಗೆ ಒಂದು ಮಾತು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಹೆದರಿಕೆಯಿಂದ ಗಂಡೋ ಹೆಣ್ಣೋ ಎಂದು ಕೇಳಲೂ ಕೆಲವರು ಹಿಂಜರಿಯುತ್ತಾರೆ. ಆ ಕಾಯ್ದೆ ಹುಟ್ಟುವ ಮುಂಚಿನದಕ್ಕೆ. ಹೆರಿಗೆ ಆದ ಮೇಲೆ ಹೇಳಲು ಅಡ್ಡಿಯಿಲ್ಲ, ನಮೂನೆಯಲ್ಲೇ ಅದಕ್ಕೆ ಕಾಲಂ ಇದೆ.

21 ದಿನ ಮೀರಿದರೆ 30ನೇ ದಿನದವರೆಗೆ ತಡದ ಶುಲ್ಕ ಕಟ್ಟಿ ಬರೆಸಬಹುದು. 30 ದಿನದಿಂದ ಒಂದು ವರ್ಷದೊಳಗೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಹಿಂದೆ ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡುತ್ತಾರೆ.

ಮಗುವಿನ ದೇಹ

ಆಸ್ಪತ್ರೆಯ ಹಳದಿ ಚೀಲ ನೋಡಿರುತ್ತೀರಿ. ದೇಹದ ಭಾಗಗಳು, ಸುಟ್ಟು ಹಾಕಬೇಕಾದ ತ್ಯಾಜ್ಯ ಹೋಗುವುದು ಅದರಲ್ಲಿ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಹಳದಿ ಚೀಲದ ಪಟ್ಟಿಗೆ ಸೇರಿಸಿರುವುದು ಬದುಕುಳಿಯಬಲ್ಲ ಅವಧಿಗಿಂತ ಚಿಕ್ಕ ಭ್ರೂಣವನ್ನು ಮಾತ್ರ. 28 ವಾರ ದಾಟಿದ ಮಗು ಆ ಪಟ್ಟಿಯಲ್ಲಿಲ್ಲ. ‘ನಾವೇ ನೋಡಿಕೊಳ್ಳುತ್ತೇವೆ, ನೀವು ಹೋಗಿ’ ಎಂದು ಸಿಬ್ಬಂದಿ ಹೇಳಿದರೆ, ಒಪ್ಪುವುದೂ ಬಿಡುವುದೂ ತಂದೆ ತಾಯಿಗೆ ಬಿಟ್ಟದ್ದು. ಒಪ್ಪುವುದಾದರೂ ಎಲ್ಲಿ, ಹೇಗೆ ಎಂದು ಕೇಳಿ ತಿಳಿದು ಒಪ್ಪಿ.

ತಾಯಿಗೆ ತೋರಿಸಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ. ಹಿರಿಯರು ಕಳಕಳಿಯಿಂದಲೇ ಬೇಡ ಎನ್ನುತ್ತಾರೆ, ಅವಳಿಗೆ ಎಚ್ಚರವಾಗುವ ಮುಂಚೆ ಒಯ್ದುಬಿಡುತ್ತಾರೆ. ಆದರೆ ಅವಳು ವಯಸ್ಕಳು, ರೋಗಿ ಅವಳೇ. ನೋಡಬೇಕಾ, ಎತ್ತಿಕೊಳ್ಳಬೇಕಾ ಎಂದು ಅವಳನ್ನೇ ಕೇಳಬೇಕು. ಸಿಸೇರಿಯನ್ ಆಗಿದ್ದರೆ ಅವಳು ಚೇತರಿಸಿಕೊಳ್ಳುವ ತನಕ ದೇಹವನ್ನು ತಂಪಿನಲ್ಲಿ ಇಡಲು ಕೇಳಿಕೊಳ್ಳಬಹುದು. ಕಾಲಿನ ಅಚ್ಚು, ಒಂದು ಫೋಟೊ ಬೇಕೆನಿಸಿದರೆ ಬಟ್ಟೆ ಸುತ್ತುವ ಮುಂಚೆ ಹೇಳಿ.

ಬಿಲ್ ಬಾಕಿ ಇದೆ ಎಂದು ದೇಹ ಹಿಡಿದಿಟ್ಟುಕೊಳ್ಳುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿ ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಲು ಬಿಡುತ್ತದೆ, ದೇಹವನ್ನು ಒತ್ತೆ ಇಡಲು ಬಿಡುವುದಿಲ್ಲ. ದೂರು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ದೂರು ಪರಿಹಾರ ಪ್ರಾಧಿಕಾರಕ್ಕೆ. ಅರ್ಜಿ ತಲುಪಿಸಲು ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಹೋದರಾಯಿತು.

ಪಾಲಿಕೆಯ ಸ್ಮಶಾನದಲ್ಲಿ ಕಾವಲುಗಾರ ಮರಣದ ಚೀಟಿ ಕೇಳುವುದು ಸಹಜ, ಅದೇ ಇಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಆಸ್ಪತ್ರೆ ಬಿಡುವ ಮುಂಚೆ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ: ತಾಯಿಯ ಹೆಸರು, ಹೆರಿಗೆಯ ದಿನಾಂಕ ಮತ್ತು ಹೊತ್ತು, ನಿರ್ಜೀವ ಜನನ ಎಂಬ ಪದ, ದೇಹವನ್ನು ಇಂಥವರಿಗೆ ಒಪ್ಪಿಸಲಾಗಿದೆ ಎಂಬ ಮಾತು. ಸಹಿ, ಮೊಹರು ಇರಲಿ. ಊರು ದೂರವಿದ್ದರೆ ದಾರಿಯಲ್ಲಿ ಯಾರಾದರೂ ವಾಹನ ತಡೆದು ಕೇಳಿದರೂ ಇದೇ ಕಾಗದ ಸಾಕು. ಹೂಳುವುದೋ ಸುಡುವುದೋ ಎಂಬುದು ಮನೆಯ ಪದ್ಧತಿ, ಕಾನೂನು ಅದರಲ್ಲಿ ತಲೆಹಾಕುವುದಿಲ್ಲ.

ಕಾರಣ ತಿಳಿಯಬೇಕೆಂದರೆ

ನಿರ್ಧಾರಕ್ಕೆ ಇರುವ ಹೊತ್ತು ತೀರ ಕಡಿಮೆ. ಕಾರಣ ಹುಡುಕಲು ಬಹಳ ಸಲ ಹೆಚ್ಚು ನೆರವಾಗುವುದು ಮಾಸು, ಅಂದರೆ ಪ್ಲಸೆಂಟಾ. ಅದೇ ಎಲ್ಲಕ್ಕಿಂತ ಮೊದಲು ಹಳದಿ ಚೀಲ ಸೇರುತ್ತದೆ. ಪರೀಕ್ಷೆಗೆ ಕಳಿಸಿ ಎಂದು ಹೆರಿಗೆಗೆ ಮುಂಚೆಯೇ ಹೇಳಿಡಿ. ಹೊಟ್ಟೆಯಲ್ಲೇ ಮಗುವಿನ ಎದೆಬಡಿತ ನಿಂತಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿ, ಆಮೇಲೆ ನೋವು ಬರಿಸುವ ಪ್ರಸಂಗಗಳಲ್ಲಿ ಅಷ್ಟು ಸಮಯ ಸಿಕ್ಕೇ ಸಿಗುತ್ತದೆ.

ವಂಶವಾಹಿ ಪರೀಕ್ಷೆಗೆ ತೆಗೆದ ಚೂರನ್ನು ಸಲೈನಿನಲ್ಲಿ ಹಾಕಬೇಕು. ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣಕ್ಕೆ ಬಿದ್ದರೆ ಜೀವಕೋಶಗಳು ಸಾಯುತ್ತವೆ, ಕೋಶ ಬೆಳೆಸಿ ಮಾಡುವ ಪರೀಕ್ಷೆ ಆಗುವುದೇ ಇಲ್ಲ. ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿ ಕಳಿಸುವುದು ನಡೆಯುವ ತಪ್ಪು. ತಾಯಿಯ ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ಸಿಫಿಲಿಸ್, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ ಪರೀಕ್ಷೆ ಮಾಡಿಸುವುದು ವಾಡಿಕೆ. ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೀಳಬೇಕು. ಮಗು ಉಳಿಯಲಿಲ್ಲ ಎಂಬ ಗದ್ದಲದಲ್ಲಿ ಇದು ಮರೆತರೆ ಏಟು ಬೀಳುವುದು ಮುಂದಿನ ಬಸಿರಿಗೆ.

ಮರಣೋತ್ತರ ಪರೀಕ್ಷೆಯಲ್ಲಿ ಎರಡು ಬಗೆ. ಕಾರಣ ತಿಳಿಯಲು ಮಾಡುವುದಕ್ಕೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು, ಬೇಡ ಎನ್ನುವ ಹಕ್ಕೂ ಅವರಿಗಿದೆ. ಪೂರ್ತಿ ಬೇಡವಾದರೆ ಹೊರಗಿನ ತಪಾಸಣೆ, ಎಕ್ಸ್‌ರೇ ಮತ್ತು ಮಾಸಿನ ಪರೀಕ್ಷೆ ಇಷ್ಟೇ ಸಾಕು ಎನ್ನಬಹುದು. ಪೊಲೀಸ್ ತನಿಖೆಯ ಮರಣೋತ್ತರ ಪರೀಕ್ಷೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಪೊಲೀಸರಿಗೆ ತಿಳಿಸುವುದು ಯಾವಾಗ

ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಆದ ನಿರ್ಜೀವ ಜನನಕ್ಕೆ ಸಾಮಾನ್ಯವಾಗಿ ಪೊಲೀಸರ ಅಗತ್ಯವಿಲ್ಲ. ಅಪಘಾತ, ಹೊಡೆತ, ವಿಷ ಕಾರಣವಾಗಿದ್ದರೆ ಆಸ್ಪತ್ರೆ ಮೆಡಿಕೋ-ಲೀಗಲ್ ಕೇಸ್ ಎಂದು ಬರೆದು ಠಾಣೆಗೆ ಮಾಹಿತಿ ಕೊಡುತ್ತದೆ. ತಾಯಿಗೆ 18 ತುಂಬಿಲ್ಲದಿದ್ದರೆ, ಮದುವೆಯಾಗಿರಲಿ ಬಿಡಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ತಿಳಿಸುವುದು ಆಸ್ಪತ್ರೆಗೆ ಕಡ್ಡಾಯ.

ಮನೆಯಲ್ಲಿ ಆದಾಗ ‘ಹಿತ್ತಲಲ್ಲಿ ಹೂತರೆ ಕೇಸಾಗುತ್ತಾ’ ಎಂಬ ಭಯವಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 94ನೇ ಕಲಮು ಹೇಳುವುದು ಹೀಗೆ: ಮಗು ಹುಟ್ಟಿದ್ದನ್ನೇ ಮುಚ್ಚಿಡುವ ಉದ್ದೇಶದಿಂದ ದೇಹವನ್ನು ಗುಟ್ಟಾಗಿ ಹೂಳುವುದು ಅಥವಾ ವಿಲೇವಾರಿ ಮಾಡುವುದು ಅಪರಾಧ. ಮಗು ಹುಟ್ಟುವ ಮುಂಚೆ ಸತ್ತಿದ್ದರೂ ಇದು ಅನ್ವಯ. ಶಿಕ್ಷೆ 2 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಮುಖ್ಯವಾದದ್ದು ಗುಟ್ಟು ಮತ್ತು ಉದ್ದೇಶ. ಆಶಾ ಕಾರ್ಯಕರ್ತೆಗೆ ಹೇಳಿ, ನಾಲ್ಕು ಜನರ ಮುಂದೆ ಮಣ್ಣು ಮಾಡಿ, ವರದಿ ಕೊಟ್ಟವರಿಗೆ ಈ ಕಲಮಿನ ಭಯ ಬೇಕಿಲ್ಲ.

ಬಾಣಂತಿಯ ರಜೆ

ಹೆಚ್ಚು ಜಗಳ ಆಗುವುದು ಇಲ್ಲಿ. ಮಗು ಇರಲಿ ಇಲ್ಲದಿರಲಿ, ಹೆತ್ತ ಮೈ ಬಾಣಂತಿಯ ಮೈಯೇ. ಎರಡು ಮೂರು ದಿನಕ್ಕೆ ಎದೆಹಾಲು ಇಳಿಯುತ್ತದೆ, ಹೊಲಿಗೆ ಮಾಗಲು ಬೇರೆ ಬಾಣಂತಿಯರಿಗೆ ಹಿಡಿಯುವಷ್ಟೇ ದಿನ ಬೇಕು. ಹೆರಿಗೆ ಸೌಲಭ್ಯ ಕಾಯ್ದೆ, 1961 ‘ಮಗು’ ಎಂಬ ಪದದ ಅರ್ಥದಲ್ಲಿ ಸತ್ತು ಹುಟ್ಟಿದ ಮಗುವನ್ನೂ ಸೇರಿಸಿತು. ಅದು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020ರೊಳಗೆ ಸೇರಿದೆ. 26ನೇ ವಾರದ ಗೆರೆ, ಗರ್ಭಪಾತಕ್ಕೆ 6 ವಾರ, ಹೆರಿಗೆಗೆ 26 ವಾರ ಎಂಬ ಅಳತೆಗಳು ಅಲ್ಲೂ ಹಾಗೇ ಇವೆ.

ಷರತ್ತು ಒಂದು: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಎರಡು ಅಥವಾ ಹೆಚ್ಚು ಮಕ್ಕಳು ಬದುಕಿದ್ದರೆ ರಜೆ 26ರ ಬದಲು 12 ವಾರ. ಎಣಿಕೆಗೆ ಬರುವುದು ಬದುಕಿರುವ ಮಕ್ಕಳು ಮಾತ್ರ, ಕಳೆದುಕೊಂಡ ಮಗು ಅದರಲ್ಲಿ ಸೇರುವುದಿಲ್ಲ. ಹೆರಿಗೆಗೆ ಮುಂಚೆ ರಜೆ ತೆಗೆದುಕೊಂಡಿರದಿದ್ದರೆ ಅಷ್ಟನ್ನೂ ನಂತರ ತೆಗೆದುಕೊಳ್ಳಬಹುದು. ಬಸಿರಿನಲ್ಲಿ ನೋಟಿಸ್ ಕೊಟ್ಟಿರದಿದ್ದರೆ ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಟ್ಟರೂ ನಡೆಯುತ್ತದೆ. ಹೆರಿಗೆಯಾದ ಪುರಾವೆ ಕೊಟ್ಟ 48 ಗಂಟೆಯೊಳಗೆ ಮಾಲೀಕರು ಮುಂದಿನ ಅವಧಿಯ ಹಣ ಕೊಡಬೇಕು. ಹೆರಿಗೆಯಿಂದ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳವರೆಗೆ ಸಂಬಳದ ರಜೆ ಇದೆ. ಹೆರಿಗೆಯಾಗಲಿ ಗರ್ಭಪಾತವಾಗಲಿ, ಆದ ಮೊದಲ 6 ವಾರ ಅವಳನ್ನು ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ, ಅವಳೇ ಬರುತ್ತೇನೆ ಎಂದರೂ.

ಎಲ್ಲಿ ಕೆಡುತ್ತದೆ? ಕಂಪನಿಯ ಆನ್‌ಲೈನ್ ರಜೆ ಅರ್ಜಿ ಜನನ ಪ್ರಮಾಣಪತ್ರ ಅಪ್‌ಲೋಡ್ ಮಾಡು ಎನ್ನುತ್ತದೆ, ಅದು ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಸಿಬ್ಬಂದಿ ವಿಭಾಗಕ್ಕೆ ಇಮೇಲ್ ಬರೆದು ವಾರದ ಸಂಖ್ಯೆ ಇರುವ ಡಿಸ್ಚಾರ್ಜ್ ಸಮ್ಮರಿ ಮತ್ತು ನಮೂನೆ 3ರ ನಕಲು ಲಗತ್ತಿಸಿ. ಬರಹದಲ್ಲಿ ಗರ್ಭಪಾತ ಎಂಬ ಪದ ನಿಮ್ಮ ಕಡೆಯಿಂದ ಬರದಿರಲಿ, ‘ಹೆರಿಗೆ, ನಿರ್ಜೀವ ಜನನ, 31 ವಾರ’ ಎಂದು ಇರುವುದನ್ನೇ ಬರೆಯಿರಿ. ‘ನೋಡಿಕೊಳ್ಳಲು ಮಗು ಇಲ್ಲವಲ್ಲ, ಎರಡು ತಿಂಗಳಿಗೆ ಬನ್ನಿ’ ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಕೊಡಲೊಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಕೆಲಸದವರಿಗೂ ಈ ಹಕ್ಕು ಇದೆ.

ಗಾರ್ಮೆಂಟ್ ಕಾರ್ಖಾನೆಗಳ ಬಹುಪಾಲು ಹೆಣ್ಣುಮಕ್ಕಳದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ತಿಂಗಳ ಸಂಬಳ 21,000 ರೂಪಾಯಿವರೆಗಿನವರು. ಅವರಿಗೆ ಹಣ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಈಗ ಅದೇ ಸಂಹಿತೆಯೊಳಗೆ ಸೇರಿರುವ ಹಳೆಯ ಇಎಸ್‌ಐ ಕಾಯ್ದೆಯ ಮಾತು ಇನ್ನೂ ನೇರವಾಗಿತ್ತು: 26 ವಾರದ ನಂತರ ಹೆತ್ತ ಮಗು ‘ಜೀವಂತವಿರಲಿ, ಸತ್ತಿರಲಿ’ ಅದು ಹೆರಿಗೆಯೇ. ವಂತಿಗೆಯ ಲೆಕ್ಕ ಬೇರೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ವಂತಿಗೆ ಸಂದಿರಬೇಕು.

ಕೇಂದ್ರ ಸರ್ಕಾರಿ ನೌಕರರಿಗೆ 2022ರ ಸೆಪ್ಟೆಂಬರ್ 2ರ ಆದೇಶದಂತೆ 60 ದಿನ ವಿಶೇಷ ಹೆರಿಗೆ ರಜೆ. 28 ವಾರ ಮತ್ತು ಮೇಲ್ಪಟ್ಟ ನಿರ್ಜೀವ ಜನನಕ್ಕೂ, ಹುಟ್ಟಿ 28 ದಿನದೊಳಗೆ ಮಗು ತೀರಿಕೊಂಡರೂ ಇದು ಅನ್ವಯ. ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರಬೇಕು, ಹೆರಿಗೆ ಮಾನ್ಯ ಆಸ್ಪತ್ರೆಯಲ್ಲಿ ಆಗಿರಬೇಕು. ಅಷ್ಟರಲ್ಲಿ ತೆಗೆದುಕೊಂಡಿದ್ದ ಹೆರಿಗೆ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರ ಕೇಳದೆ ಬೇರೆ ರಜೆಗೆ ಬದಲಿಸಿಕೊಡುತ್ತಾರೆ. ಖಾಸಗಿಯವರಿಗೆ 26 ವಾರ, ಇವರಿಗೆ 60 ದಿನ ಎಂಬುದು ಓದಲು ವಿಚಿತ್ರವೇ. ರಾಜ್ಯ ಸರ್ಕಾರಿ ನೌಕರರು ನೋಡಬೇಕಾದದ್ದು ಕರ್ನಾಟಕ ನಾಗರಿಕ ಸೇವಾ ನಿಯಮಗಳನ್ನು. ತಂದೆಗೆ? ಕೇಂದ್ರ ಸರ್ಕಾರದಲ್ಲಿ 15 ದಿನದ ಪಿತೃತ್ವ ರಜೆ ಇದೆ. ಖಾಸಗಿ ವಲಯದಲ್ಲಿ ಕಾನೂನಿನ ರಜೆ ಇಲ್ಲ, ಕಂಪನಿ ಕೊಟ್ಟರೆ ಉಂಟು.

ಕಡತ ಮತ್ತು ದೂರು

ಹೆರಿಗೆ ಕೋಣೆಯಲ್ಲಿ ಏನೋ ತಪ್ಪಾಗಿದೆ ಎನಿಸಿದರೆ ಗಲಾಟೆಗಿಂತ ಮೊದಲು ಬೇಕಾದದ್ದು ಕಾಗದ. ಪೂರ್ತಿ ಕೇಸ್ ಶೀಟ್, ಮಗುವಿನ ಎದೆಬಡಿತದ ಪಟ್ಟಿ, ಪಾರ್ಟೊಗ್ರಾಮ್ ಎನ್ನುವ ಹೆರಿಗೆ ನೋವಿನ ನಕ್ಷೆ, ಇವುಗಳ ನಕಲು ಬೇಕೆಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯಕೀಯ ವೃತ್ತಿ ನಿಯಮ, 2002ರ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಕಡತ ಕಾಯ್ದಿಡಬೇಕಾದದ್ದು 3 ವರ್ಷ. ಎಫ್‌ಎಸ್‌ಬಿಯೋ ಎಂಎಸ್‌ಬಿಯೋ ಎಂಬುದು ಇಲ್ಲಿ ಎಣಿಕೆಗೆ ಬರುತ್ತದೆ. ಆಸ್ಪತ್ರೆಗೆ ಬಂದಾಗ ಎದೆಬಡಿತ ಇತ್ತೇ, ಕೊನೆಯದಾಗಿ ಎಷ್ಟು ಗಂಟೆಗೆ ಕೇಳಿಸಿತ್ತು ಎಂಬುದನ್ನು ಕಡತ ಹೇಳಬೇಕು. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಮಿತಿ 2 ವರ್ಷ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಆ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಮುಂದಿನ ಬಸಿರಿನ ಮೊದಲ ಪುಟ

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಕಂತು ಒಮ್ಮೆ ಬಂದಿತ್ತು, ಇನ್ನು ಸಿಗದು ಎಂದು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಗರ್ಭಪಾತ ಅಥವಾ ನಿರ್ಜೀವ ಜನನವಾದ ತಾಯಿಯನ್ನು ಮುಂದಿನ ಬಸಿರಿನಲ್ಲಿ ಹೊಸ ಫಲಾನುಭವಿಯಾಗಿ ನೋಡಬೇಕು ಎಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಆಸ್ತಿಯ ವಿಷಯ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗರ್ಭದಲ್ಲಿರುವ ಮಗುವಿಗೆ ಪಾಲು ಇರುವುದು ಅದು ಜೀವಂತ ಹುಟ್ಟಿದರೆ ಮಾತ್ರ.

ಹೊಸ ತಾಯಿ ಕಾರ್ಡ್ ಮಾಡಿಸುವಾಗ ನರ್ಸ್ ಒಂದು ಸಾಲು ಬರೆಯುತ್ತಾರೆ: ಜಿ2 ಪಿ1 ಎಲ್0 ಎ0. ಎರಡನೇ ಬಸಿರು, ಒಂದು ಹೆರಿಗೆ, ಬದುಕಿರುವ ಮಕ್ಕಳಿಲ್ಲ, ಗರ್ಭಪಾತವಿಲ್ಲ ಎಂದು ಓದಬೇಕು. ಅವಸರದಲ್ಲಿ ಅದು ಜಿ2 ಪಿ0 ಎ1 ಆದರೆ 31 ವಾರಕ್ಕೆ ಕಳೆದುಹೋದ ಮಗು ಎಂಟು ವಾರದ ಗರ್ಭಪಾತದಂತೆ ಕಾಣುತ್ತದೆ, ಹೆಚ್ಚು ನಿಗಾ ಬೇಕಾದ ಬಸಿರು ಸಾಮಾನ್ಯ ಸಾಲಿಗೆ ಬೀಳುತ್ತದೆ. ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನು ಮುಂದಿಟ್ಟು, ಪಿ ಎದುರಿಗೆ 1 ಬರೆಸಿಕೊಂಡೇ ಎದ್ದು ಬನ್ನಿ.